ಚಿತ್ತೆ ಮಳೆ, ಹುಚ್ಚೆಳ್ಳು ಹೂ, ಏರೋಪ್ಲೇನ್ ಚಿಟ್ಟೆ

(2025ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಮುಂಚೆ, ತುಮಕೂರಿನ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಊಟ ಆದ ಮೇಲಿನ ಹೊತ್ತು. ಹೊರಗೆ ಮೋಡ ಕಟ್ಟಿದೆ. ಇಂಟರ್ನಲ್ಸ್ ಈಗಷ್ಟೇ ಮುಗಿದಿವೆಯಂತೆ. ಇಂಥ ಹೊತ್ತಲ್ಲಿ ಕೂತು ಭಾಷಣ ಕೇಳೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಕರೆದವರು 'ವಿದ್ಯಾರ್ಥಿ ಜೀವನ ಮತ್ತು ಗುರಿ' ಅನ್ನೋ ವಿಷಯ ಕೊಟ್ಟಿದ್ದರು. ಗುರಿ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಿಮ್ಮ ಮನೆಯಲ್ಲೇ ಇಬ್ಬರು ಮೂವರು ಸಿಗುತ್ತಾರೆ. ಹಾಗಾಗಿ ಪ್ರಿನ್ಸಿಪಾಲರನ್ನು ಕೇಳಿಕೊಂಡು ಬೇರೆ ವಿಷಯಕ್ಕೆ ಹೋಗುತ್ತಿದ್ದೇನೆ. ದಸರಾ ಆಸುಪಾಸಿನಿಂದ ಕಾರ್ತಿಕ ಮುಗಿಯುವ ತನಕ, ತುಮಕೂರಿನ ಸುತ್ತಮುತ್ತ, ಹೆಚ್ಚು ದುಡ್ಡು ಖರ್ಚಿಲ್ಲದೆ ಒಬ್ಬ ವಿದ್ಯಾರ್ಥಿಗೆ ಸಿಗುವ ಸಣ್ಣ ಸಣ್ಣ ಖುಷಿಗಳು. ಇದೇ ಇವತ್ತಿನ ವಿಷಯ.

ನಾನೂ ಇದೇ ಊರಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದಿದವಳು. ಈಗ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ವಾದ ಇಷ್ಟೇ: ಚೆನ್ನಾಗಿರೋದು ಏನಾದರೂ ಕಣ್ಣಿಗೆ ಬಿದ್ದಾಗ ಅರ್ಧ ಖುಷಿ ಸಿಗುತ್ತದೆ. 'ಇದು ಯಾಕೆ ಹೀಗಿದೆ?' ಅಂತ ಬೆನ್ನು ಹತ್ತಿ ಹೋದರೆ ಉಳಿದರ್ಧ ಸಿಗುತ್ತದೆ. ಆ ಎರಡನೇ ಅರ್ಧ ನಮ್ಮನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಇಥಿಯೋಪಿಯಾಕ್ಕೂ ಕರೆದುಕೊಂಡು ಹೋಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಕಿಟಕಿಯಾಚೆ ನೋಡಿ. ಶಾಲೆಯ ಇಂಗ್ಲಿಷ್ ಪದ್ಯಗಳಲ್ಲಿ ಶರತ್ಕಾಲ ಅಂದರೆ ಕೆಂಪು ಎಲೆ, ಉದುರುವ ಎಲೆ, ಬೋಳು ಮರ. ಇಲ್ಲಿ ಒಂದು ಎಲೆಯೂ ಕೆಂಪಾಗಿಲ್ಲ. ತುಮಕೂರಿನಲ್ಲಿ ಈ ಹೊತ್ತಿನಷ್ಟು ಹಸಿರು ವರ್ಷದಲ್ಲಿ ಇನ್ಯಾವಾಗಲೂ ಇರೋದಿಲ್ಲ. ನಮ್ಮಲ್ಲಿ ಎಲೆ ಉದುರೋದು ಸಂಕ್ರಾಂತಿ ಆಚೆಗೆ. ಕಾರಣ ಮಳೆ. ಮುಂಗಾರು ಮೋಡಗಳು ಪಶ್ಚಿಮ ಘಟ್ಟದಲ್ಲೇ ಸುರಿದು ಹಗುರವಾಗಿ ನಮ್ಮ ಕಡೆ ಬರುತ್ತವೆ. ಆಗುಂಬೆಯಲ್ಲಿ ಜುಲೈ ಪೂರ್ತಿ ಹುಯ್ಯುವಾಗ ಶಿರಾ, ಪಾವಗಡದಲ್ಲಿ ಬರೀ ಗಾಳಿ. ನಮ್ಮ ಪಾಲಿನ ಮಳೆ ಜಾಸ್ತಿ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮುಂಗಾರು ವಾಪಸ್ ಹೊರಡುವ, ಹಿಂಗಾರು ಶುರುವಾಗುವ ಹೊತ್ತದು. ಬೆಳಗ್ಗೆ ಚೆನ್ನಾಗಿ ಬಿಸಿಲು ಕಾಯುತ್ತದೆ. ನೆಲ ಬಿಸಿಯಾಗಿ ತೇವದ ಗಾಳಿ ಮೇಲೇರುತ್ತದೆ. ಮೂರು ಗಂಟೆಗೆ ಮೋಡ, ಕಾಲೇಜು ಬಿಡೋ ಹೊತ್ತಿಗೆ ಸರಿಯಾಗಿ ಗುಡುಗು. ಇದು ನಿಮ್ಮ ಹಣೆಬರಹ ಅಲ್ಲ, ಭೌತಶಾಸ್ತ್ರ.

ಈಗ ಇಲ್ಲಿ ಉದುರೋದು ಎಲೆ ಅಲ್ಲ, ಹೂ. ಬೆಳಗ್ಗೆ ಆರು ಗಂಟೆಗೆ ಯಾವುದಾದರೂ ಆಕಾಶ ಮಲ್ಲಿಗೆ ಮರದ ಕೆಳಗೆ ಹೋಗಿ ನಿಲ್ಲಿ. ರಸ್ತೆ ಬೆಳ್ಳಗಿರುತ್ತದೆ. ಒಂದು ಹೂ ಎತ್ತಿಕೊಳ್ಳಿ. ಬೆರಳುದ್ದದ ಸಣ್ಣ ಕೊಳವೆ, ತುದಿಯಲ್ಲಿ ಬಿಳಿ ದಳ. ಕೊಳವೆ ಅಷ್ಟುದ್ದ ಯಾಕೆ? ಹೂ ಅರಳೋದು ರಾತ್ರಿ. ಕತ್ತಲಲ್ಲಿ ಬೇರೆ ಬಣ್ಣಕ್ಕಿಂತ ಬಿಳಿ ಎದ್ದು ಕಾಣುತ್ತದೆ, ವಾಸನೆ ಗೊತ್ತಾಗುತ್ತದೆ. ಉದ್ದ ನಾಲಿಗೆ ಇರುವ ರಾತ್ರಿ ಪತಂಗಗಳಿಗೆ ಅಂತ ಇಟ್ಟ ಊಟ ಅದು. ಪಾರಿಜಾತದ ಲೆಕ್ಕವೂ ಅದೇ, ರಾತ್ರಿ ಅರಳಿ ಬೆಳಗ್ಗೆ ನೆಲಕ್ಕೆ. ಅದರ ಕಿತ್ತಳೆ ಬಣ್ಣದ ತೊಟ್ಟಿನಿಂದ ಹಿಂದೆ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಎರಡು ತೊಟ್ಟು ಅಂಗೈಯಲ್ಲಿಟ್ಟು ಉಜ್ಜಿ ನೋಡಿ, ನಂಬಿಕೆ ಬರುತ್ತದೆ.

ಮಳೆ ವಿಷಯ ಇನ್ನೂ ಮುಗಿದಿಲ್ಲ. ನನ್ನ ಓದಿನ ದಿನಗಳ ದೊಡ್ಡ ಖುಷಿ ಅಲ್ಲಿಂದಲೇ ಬಂದದ್ದು. ನಮ್ಮ ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ಕೊರಟಗೆರೆ ಕಡೆಯವರು. ಮಳೆಗಳ ಹೆಸರು ಸಾಲಾಗಿ ಬಾಯಲ್ಲೇ ಇದ್ದವು. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖ, ಅನುರಾಧ. ನಾವು ಬಟ್ಟೆ ಒಣಗೋಕೆ ಹಾಕಿ ಕ್ಲಾಸಿಗೆ ಹೊರಟರೆ ಒಳಗಿನಿಂದಲೇ ಕೂಗುತ್ತಿದ್ದರು: "ಚಿತ್ತೆ ಮಳೆ ಕಣವ್ವಾ, ಎಲ್ಲಿ ಹುಯ್ತದೋ ಎಲ್ಲಿ ಬಿಡ್ತದೋ ಅದಕ್ಕೇ ಗೊತ್ತಿಲ್ಲ. ಬಟ್ಟೆ ಒಳಗೆ ಹಾಕ್ರವ್ವ." ಬಿಎಸ್ಸಿ ಓದುವ ನಮಗೆ ಇದೆಲ್ಲ ಹಳೇ ಕಾಲದ ಮಾತು ಅನಿಸುತ್ತಿತ್ತು.

ಆದರೆ ಅಡುಗೆ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮಳೆಗಳ ತಾರೀಖು ಅಚ್ಚಾಗಿತ್ತು. ಒಂದು ಮಳೆಯಿಂದ ಇನ್ನೊಂದಕ್ಕೆ ಹದಿಮೂರು ದಿನ, ಇಲ್ಲವೇ ಹದಿನಾಲ್ಕು. ಯಾಕೆ ಅಷ್ಟೇ? 27 ನಕ್ಷತ್ರ, ವರ್ಷಕ್ಕೆ 365 ದಿನ. ಭಾಗಿಸಿದರೆ ಹದಿಮೂರೂವರೆ. ಆಕಾಶದಲ್ಲಿ ಸೂರ್ಯನ ರೂಟಿನಲ್ಲಿ 27 ಸ್ಟಾಪು ಅಂದುಕೊಳ್ಳಿ. ಚಿತ್ತೆ ಮಳೆ ಅಂದರೆ ಸೂರ್ಯ ಚಿತ್ತಾ ಸ್ಟಾಪಿನಲ್ಲಿರುವ ದಿನಗಳು, ಅಷ್ಟೇ. ಮಳೆ ಬಂದರೂ ಅದು ಚಿತ್ತೆ, ಬರದಿದ್ದರೂ ಚಿತ್ತೆ. ಅಂದರೆ ಅಕ್ಕ ಹೇಳುತ್ತಿದ್ದದ್ದು ಭವಿಷ್ಯ ಅಲ್ಲ, ತಾರೀಖು. 'ಅಕ್ಟೋಬರ್ ಎರಡನೇ ವಾರ ಆಯ್ತು' ಅಂತ ನಾವು ಹೇಳುವುದನ್ನು ಅವರು 'ಚಿತ್ತೆ ಹುಟ್ಟಿತು' ಅನ್ನುತ್ತಿದ್ದರು.

ಹಾಗಾದರೆ ರೈತರಿಗೆ ಈ ಬೇರೆ ಲೆಕ್ಕ ಯಾಕೆ ಬೇಕಿತ್ತು? ಹಬ್ಬದ ತಿಂಗಳುಗಳೇ ಇದ್ದವಲ್ಲ? ಇಲ್ಲಿ ಸ್ವಲ್ಪ ಗಣಿತ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು. 2024ರಲ್ಲಿ 12ಕ್ಕೆ. ಈ ವರ್ಷ 2ಕ್ಕೇ ಮುಗಿದುಹೋಯಿತು. ಹೀಗೇ ಹಿಂದಕ್ಕೆ ಸರಿದರೆ ದಸರಾ ಬೇಸಿಗೆಗೆ ಬಂದುಬಿಡುತ್ತದೆ. ಚಾಂದ್ರಮಾನ ವರ್ಷಕ್ಕೆ 354 ದಿನ, ಹನ್ನೊಂದು ದಿನ ಕಮ್ಮಿ. ಅದಕ್ಕೇ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ತುಂಬಿಸುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ, ಆ ವರ್ಷದ ವಿಜಯದಶಮಿ ಮತ್ತೆ ಅಕ್ಟೋಬರ್ 20ಕ್ಕೆ ಹಾರುತ್ತದೆ. ಇಷ್ಟು ಹಿಂದೆ ಮುಂದೆ ಆಡುವ ಲೆಕ್ಕ ನೋಡಿಕೊಂಡು ಹುರುಳಿ ಬಿತ್ತೋಕೆ ಆಗುತ್ತಾ? ಮಳೆ ನಕ್ಷತ್ರ ಹಾಗಲ್ಲ. ಚಿತ್ತೆ ಪ್ರತಿ ವರ್ಷ ಅಕ್ಟೋಬರ್ 10, 11ರ ಹೊತ್ತಿಗೇ ಹುಟ್ಟುತ್ತದೆ. ಹಬ್ಬಕ್ಕೆ ಚಂದ್ರ, ಹೊಲಕ್ಕೆ ಸೂರ್ಯ. ಒಂದೇ ಮನೆಯಲ್ಲಿ ಎರಡು ಗಡಿಯಾರ.

ಇನ್ನೂ ಒಂದು ಇದೆ. ನನಗೆ ಅವತ್ತು ರಾತ್ರಿ ನಿದ್ದೆ ಬಾರದ ಹಾಗೆ ಮಾಡಿದ್ದು ಇದೇ. ಈಗ ರಾತ್ರಿ ಹೊರಗೆ ಹೋಗಿ ಚಿತ್ತಾ ನಕ್ಷತ್ರ ಹುಡುಕಿದರೆ ಸಿಗೋದಿಲ್ಲ. ಸೂರ್ಯ ಅದರ ಪಕ್ಕದಲ್ಲೇ ಇದ್ದಾನೆ, ಅಕ್ಟೋಬರ್ 16, 17ರ ಹೊತ್ತಿಗಂತೂ ತೀರಾ ಹತ್ತಿರ. ಚಿತ್ತೆ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರು ಬದಿಯಲ್ಲಿ ಇರುತ್ತಾನೆ, ಅಲ್ವಾ? ಚಿತ್ತೆಯ ಎದುರು ಬದಿ ಯಾವುದು? 27ರಲ್ಲಿ ಚಿತ್ತೆ ಹದಿನಾಲ್ಕನೆಯದು. ಅದರ ಎದುರಿಗೆ ಹೆಚ್ಚು ಕಮ್ಮಿ ಬರುವುದು ಮೊದಲನೆಯದು, ಅಶ್ವಿನಿ. ಈ ತಿಂಗಳ ಹೆಸರು ಆಶ್ವಯುಜ! ಹುಣ್ಣಿಮೆ ಚಂದ್ರ ಅಶ್ವಿನಿ ಆಸುಪಾಸಿನಲ್ಲಿ ಇರುವ ತಿಂಗಳು ಆಶ್ವಯುಜ, ಕೃತ್ತಿಕೆಯ ಆಸುಪಾಸಿನಲ್ಲಿ ಇರುವ ತಿಂಗಳು ಕಾರ್ತಿಕ. ಅಡುಗೆ ಅಕ್ಕನ ಮಳೆ ಲೆಕ್ಕವೂ ಪುರೋಹಿತರ ತಿಂಗಳ ಲೆಕ್ಕವೂ ಒಂದೇ ಆಕಾಶದ ಎರಡು ಬದಿ. ಇದನ್ನು ಯಾವ ಪಠ್ಯದಲ್ಲೂ ಓದಿರಲಿಲ್ಲ. ಗೋಡೆ ಕ್ಯಾಲೆಂಡರ್, ಒಂದು ಪೆನ್ಸಿಲ್, ಅಷ್ಟೇ ಸಾಕಾಯಿತು.

ಬೇಕಿದ್ದರೆ ನೀವೇ ನೋಡಿ. ಈ ಸಲ ಕಾರ್ತಿಕ ಹುಣ್ಣಿಮೆ ನವೆಂಬರ್ 5ಕ್ಕೆ. ಅವತ್ತು ಬೆಳದಿಂಗಳು ಜಾಸ್ತಿ, ಕೃತ್ತಿಕೆ ಮಂಕಾಗುತ್ತದೆ. ನಾಲ್ಕು ದಿನ ಬಿಟ್ಟು, ಚಂದ್ರ ಹುಟ್ಟೋಕೆ ಮುಂಚೆ, ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ನೋಡಿ. ಒತ್ತೊತ್ತಾಗಿ ಸೇರಿರುವ ನಕ್ಷತ್ರಗಳ ಸಣ್ಣ ಗೊಂಚಲು. ಎಷ್ಟು ಎಣಿಸೋಕೆ ಆಗುತ್ತದೆ ಅಂತ ಪಂದ್ಯ ಕಟ್ಟಿ. ಆರು ಸಿಕ್ಕರೆ ಕಣ್ಣು ಚೆನ್ನಾಗಿದೆ.

ಚಂದ್ರನ ಲೆಕ್ಕ ಬಂತಲ್ಲ, ಗೂಳೂರಿಗೆ ಹೋಗೋಣ. ಇಲ್ಲಿಂದ ಕುಣಿಗಲ್ ರಸ್ತೆಯಲ್ಲಿ ಆರೇಳು ಕಿಲೋಮೀಟರ್. ಊರೆಲ್ಲ ಭಾದ್ರಪದ ಚೌತಿಗೆ ಗಣಪತಿ ಕೂರಿಸಿ, ಬಿಟ್ಟು, ಬಾಡಿಗೆ ಸ್ಪೀಕರ್ ವಾಪಸ್ ಕೊಟ್ಟು ಸುಮ್ಮನಾಗುತ್ತದೆ. ಗೂಳೂರಿನಲ್ಲಿ ಚೌತಿ ದಿನ ಮಣ್ಣು ತಂದು ಕೆಲಸ ಶುರು ಮಾಡುತ್ತಾರೆ! ಬಲಿಪಾಡ್ಯಮಿ ಹೊತ್ತಿಗೆ ಆಳೆತ್ತರ ಮೀರಿದ ಮಣ್ಣಿನ ಗಣಪ ತಯಾರಾಗುತ್ತಾನೆ. ಕಾರ್ತಿಕ ಪೂರ್ತಿ ಪೂಜೆ, ಆಮೇಲೆ ಊರ ಕೆರೆಯಲ್ಲಿ ವಿಸರ್ಜನೆ. ಈ ವರ್ಷ ಚೌತಿ ಆಗಸ್ಟ್ 27ಕ್ಕೆ ಇತ್ತು, ಬಲಿಪಾಡ್ಯಮಿ ಇದೇ 22ಕ್ಕೆ. ನಡುವೆ ಎಂಟು ವಾರ.

ಆ ಎಂಟು ವಾರದಲ್ಲಿ ಆಗಾಗ ಹೋಗಿ ನೋಡೋದೇ ನಿಜವಾದ ಮಜಾ ಅಂತ ನನ್ನ ಅಭಿಪ್ರಾಯ. ಪೂಜೆ ಶುರುವಾದ ಮೇಲೆ ಎಲ್ಲರೂ ಹೋಗುತ್ತಾರೆ, ಸರತಿ ಸಾಲು, ನೂಕುನುಗ್ಗಲು. ಬಣ್ಣ ಬೀಳುವ ಮುಂಚೆ ಹೋದರೆ ಹಸಿ ಮಣ್ಣಿನ ವಾಸನೆ, ಮಣ್ಣಿನದೇ ಬಣ್ಣದ ದೊಡ್ಡ ಹೊಟ್ಟೆ. ನಾವು ಹೋಗುತ್ತಿದ್ದಾಗ ಹೊಟ್ಟೆಯ ಮೇಲೆ ಒಣಗಿ ಬಿಟ್ಟ ಸಣ್ಣ ಬಿರುಕಿಗೆ ಒಬ್ಬರು ತಾತ ನೀರು ಮುಟ್ಟಿಸಿದ ಹೆಬ್ಬೆರಳಿನಿಂದ ಮಣ್ಣು ತಿದ್ದುತ್ತಿದ್ದರು. ಪಕ್ಕಕ್ಕೆ ಹೋಗಿ ನಿಂತರೂ ಬೇಡ ಅನ್ನಲಿಲ್ಲ. "ಮಳೆ ಹಿಡಕೊಂಡ್ರೆ ಒಣಗಲ್ಲ, ಬಿಸಿಲು ಜಾಸ್ತಿ ಆದ್ರೆ ಬಿರಿತದೆ" ಅಂದರು. ಅಷ್ಟೇ ಮಾತು. ಅಕ್ಟೋಬರ್ ಹವೆಯ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅಲ್ಲೇ ಹತ್ತಿರ ಕೈದಾಳ. ಹೊಯ್ಸಳರ ಕಾಲದ ಚೆನ್ನಕೇಶವ ದೇವಸ್ಥಾನ. ಜಕಣಾಚಾರಿ, ಕಲ್ಲಿನೊಳಗಿನ ಕಪ್ಪೆ, ಮಗ ಡಂಕಣನ ಕಥೆ ನಿಮಗೆಲ್ಲ ಗೊತ್ತು. ಕಥೆ ಹೇಗಾದರೂ ಇರಲಿ, ಮೂರ್ತಿ ಮಾತ್ರ ನಿಂತು ನೋಡುವಂಥದ್ದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ. ನಮ್ಮ ಕಾಲದಲ್ಲಿ ಇದು ಇದ್ದಿದ್ದರೆ ನಾನು ಡಿಗ್ರಿ ಮುಗಿಸುತ್ತಿದ್ದೆನೋ ಇಲ್ಲವೋ.

ದೇವರಾಯನದುರ್ಗಕ್ಕೆ ನೀವು ಹೋಗೇ ಇರುತ್ತೀರಿ, ಅದಕ್ಕೆ ಅದರ ಬಗ್ಗೆ ಒಂದೇ ವಿಷಯ. ಭಾನುವಾರ ಅಲ್ಲಿ ಕೋತಿಗೂ ಚಿಪ್ಸ್ ಪ್ಯಾಕೆಟ್ಟಿಗೂ ನಡುವೆ ಬಂಡೆ ಹುಡುಕಬೇಕು, ವಾರದ ನಡುವೆ ಹೋಗಿ. ಸುಮಾರು 1,200 ಮೀಟರ್ ಎತ್ತರದ ಆ ಬೆಟ್ಟದ ಸಾಲಿನಲ್ಲಿ ಶಿಂಷಾ ಹುಟ್ಟುತ್ತದೆ, ಜಯಮಂಗಲಿಯೂ ಹುಟ್ಟುತ್ತದೆ. ಶಿಂಷಾ ದಕ್ಷಿಣಕ್ಕೆ ಹರಿದು, ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ, ಶಿವನಸಮುದ್ರದ ಹತ್ತಿರ ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ. ಒಂದರ ನೀರು ತಮಿಳುನಾಡಿನಲ್ಲಿ ಸಮುದ್ರ ಕಾಣುತ್ತದೆ, ಇನ್ನೊಂದರದ್ದು ಆಂಧ್ರದ ನೆಲ್ಲೂರಿನ ಕಡೆ. ಈಗ ಮಳೆ ಬರುವಾಗ ಮೇಲೆ ನಿಂತರೆ ಪಕ್ಕಪಕ್ಕದಲ್ಲಿ ಬೀಳುವ ಎರಡು ಹನಿಗೆ ಎರಡು ರಾಜ್ಯದ ಟಿಕೆಟ್ ಸಿಕ್ಕಿರುತ್ತದೆ. ಭೂಗೋಳದ ಪುಸ್ತಕದಲ್ಲಿ 'ಜಲವಿಭಾಜಕ' ಅಂತ ಬಾಯಿಪಾಠ ಮಾಡಿದ್ದು ಇದನ್ನೇ.

ಇಳಿದು ಬಂದರೆ ಹಸಿವು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಗ್ಗೆ ತುಮಕೂರಿನವರಿಗೆ ಹೇಳೋದು ಏನಿದೆ? ಒಂದು ಮಾತ್ರ. ದೀಪಾವಳಿ ಚಳಿ ಬಿದ್ದ ಮೇಲೆ ಹೋಟೆಲಿನವರು ಹಿಟ್ಟನ್ನು ಇನ್ನೂ ಬೇಗ ರುಬ್ಬಿಡುತ್ತಾರೆ, ಯಾಕೆ ಅಂತ ಕೇಳಿ. ಹಿಟ್ಟು ಉಬ್ಬಿಸುವುದು ನಾವು ಹಾಕುವ ಯಾವುದೋ ಪುಡಿ ಅಲ್ಲ. ಉದ್ದಿನಬೇಳೆ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ. ಅದಕ್ಕೆ ಚಳಿ ಆಗೋದಿಲ್ಲ, ನಿಧಾನ ಮಾಡುತ್ತದೆ. ಮೈಕ್ರೋಬಯಾಲಜಿ ತೆಗೆದುಕೊಂಡವರು ಇದನ್ನು ತಿನ್ನುತ್ತಾ ಓದಬಹುದು.

ಇನ್ನು ಹೊಲಕ್ಕೆ ಬನ್ನಿ. ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಳ್ಳಿಯವರು. ದೀಪಾವಳಿಗೆ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದರೂ ಸಾಕು. ರಾಗಿ ತೆನೆ ಬಿಚ್ಚಿದೆ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟು ಹೊಲಕ್ಕೆ ಹಳದಿ ಗೆರೆ ಎಳೆದ ಹಾಗಿದೆ. ಬಸ್ಸಿನಿಂದ ಇಳಿದ ಮೇಲೆ ಒಂದು ಹೂ ಹತ್ತಿರದಿಂದ ನೋಡಿ. ಸುತ್ತ ಎಂಟು ಹಳದಿ ದಳ. ಎಂಟೇ, ಎಣಿಸಿ, ಕೆಲವೊಮ್ಮೆ ಒಂದು ಆಚೀಚೆ. ನಡುವಿನ ಗುಂಡು ಭಾಗ ಮೊಬೈಲ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ ಅದು ಒಂದು ಹೂ ಅಲ್ಲ, ಪುಟ್ಟ ಪುಟ್ಟ ಹೂಗಳ ಸಂತೆ. ಜೇನುಹುಳ ಬಂದು ಕೂತರೆ ಕಾಲಿಗೆಲ್ಲ ಹಳದಿ ಪುಡಿ. ಹುಚ್ಚೆಳ್ಳು ತನ್ನದೇ ಪರಾಗದಿಂದ ಕಾಯಿ ಕಟ್ಟೋದು ಅಪರೂಪ, ಬೇರೆ ಗಿಡದ್ದೇ ಬೇಕು. ಅಂದರೆ ಜೇನು ಬಾರದಿದ್ದರೆ ನಿಮ್ಮ ಮನೆಯ ಹುಚ್ಚೆಳ್ಳು ಪುಡಿಯೂ ಇಲ್ಲ. ಪಕ್ಕದ ರಾಗಿಗೆ ಈ ತಲೆನೋವಿಲ್ಲ, ಅದು ತನ್ನ ಪಾಡಿಗೆ ತಾನು ಕಾಳು ಕಟ್ಟುತ್ತದೆ.

ಈಗ ಇಥಿಯೋಪಿಯಾ. ಹುಚ್ಚೆಳ್ಳಿನ ವೈಜ್ಞಾನಿಕ ಹೆಸರು ಗ್ವಿಜೋಶಿಯಾ ಅಬಿಸ್ಸಿನಿಕಾ. ಅಬಿಸ್ಸೀನಿಯಾ ಅಂದರೆ ಇವತ್ತಿನ ಇಥಿಯೋಪಿಯಾ, ಅಲ್ಲಿಯದೇ ಗಿಡ. ರಾಗಿ? ಅದೂ ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ನಾಡಿನದು. ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಯಿತು. ಜೋಳ ಸುಡಾನ್ ಕಡೆಯದು, ಅಲಸಂದೆಯೂ ಆಫ್ರಿಕಾದ್ದು. ಒಂದೆಕರೆ ರಾಗಿ ಹೊಲದ ಬದುವಿನ ಮೇಲೆ ನಿಂತರೆ ಎದುರಿಗೆ ಆಫ್ರಿಕಾ ಕಾಣುತ್ತದೆ. ಈಗ ಸಂತೆಯಲ್ಲಿ ಗುಡ್ಡೆ ಬಿದ್ದಿರುವ ಸೀತಾಫಲ, ನಮ್ಮ ಪಾವಗಡ, ಶಿರಾ ಕಡೆ ಕೀಳುತ್ತಿರುವ ಕಡಲೆಕಾಯಿ, ಸಾರಿಗೆ ಹಾಕುವ ಮೆಣಸಿನಕಾಯಿ, ಈ ಮೂರೂ ಅಮೆರಿಕ ಖಂಡದವು. ಬಂದು ಹೆಚ್ಚೆಂದರೆ ಐನೂರು ವರ್ಷದ ಆಸುಪಾಸು. ಹಾಗಾದರೆ ಮೂಲ ನಿವಾಸಿ ಯಾರು? ಯಾರೂ ಮರ್ಯಾದೆ ಕೊಡದ ಹುರುಳಿ. ತೊಗರಿಯೂ ನಮ್ಮದೇ. 'ನಮ್ಮ ಅಪ್ಪಟ ದೇಸಿ ಊಟ' ಅಂತ ಯಾರಾದರೂ ಎದೆ ತಟ್ಟಿಕೊಂಡರೆ ನನಗೆ ನಗು ಬರುತ್ತದೆ. ಮುದ್ದೆ ಆಫ್ರಿಕಾ, ಖಾರ ಅಮೆರಿಕ, ಹುರುಳಿ ಸಾರು ಒಂದೇ ದೇಸಿ. ರುಚಿ ಮಾತ್ರ ಪೂರ್ತಿ ತುಮಕೂರಿನದು, ಅದರಲ್ಲಿ ಎರಡು ಮಾತಿಲ್ಲ.

ಆಫ್ರಿಕಾದಿಂದ ಬಂದದ್ದು ಹೇಳಿದೆ. ಈಗ ಅಲ್ಲಿಗೆ ಹೋಗುವವರ ವಿಷಯ. ಮಳೆ ನಿಂತ ಸಂಜೆ ನಿಮ್ಮ ಕಾಲೇಜು ಮೈದಾನದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿರುತ್ತವೆ, ಗಮನಿಸಿದ್ದೀರಾ? ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಪಾಪದ ಕೆಲಸ ಮಾಡುತ್ತಿದ್ದೆವಲ್ಲ, ಅವೇ. ಅದರಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ್ದು ಒಂದು ಜಾತಿ, ಹೆಸರು ಪಾಂಟಾಲಾ ಫ್ಲೇವೆಸೆನ್ಸ್. ಹಗಲಲ್ಲಿ ಕೂರೋದೇ ಅಪರೂಪ, ಗುಂಪುಗುಂಪಾಗಿ ಸುತ್ತುತ್ತಲೇ ಇರುತ್ತದೆ. ಉದ್ದ ಐದು ಸೆಂಟಿಮೀಟರ್ ಇದ್ದರೆ ಜಾಸ್ತಿ.

ಮಾಲ್ಡೀವ್ಸ್‌ನಲ್ಲಿ ಚಾರ್ಲ್ಸ್ ಆಂಡರ್ಸನ್ ಅನ್ನೋ ಸಮುದ್ರ ಜೀವಶಾಸ್ತ್ರಜ್ಞ ಇದ್ದರು. ಕೆಲಸ ಮೀನಿನದು. ಆದರೆ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿ ಲೆಕ್ಕವಿಲ್ಲದಷ್ಟು ಏರೋಪ್ಲೇನ್ ಚಿಟ್ಟೆಗಳು ಬರುವುದನ್ನು ನೋಡಿದರು. ಅವು ಮೊಟ್ಟೆ ಇಡೋದು ಸಿಹಿನೀರಿನಲ್ಲಿ. ಮಾಲ್ಡೀವ್ಸ್‌ನ ಹವಳದ ದ್ವೀಪಗಳಲ್ಲಿ ಕೆರೆ ಕುಂಟೆ ಇಲ್ಲವೇ ಇಲ್ಲ ಅನ್ನಬಹುದು. ಹಾಗಾದರೆ ಇವು ಎಲ್ಲಿಂದ ಬಂದವು, ಎಲ್ಲಿಗೆ ಹೊರಟಿವೆ? ವರ್ಷಗಟ್ಟಲೆ ತಾರೀಖು ಬರೆದಿಟ್ಟುಕೊಂಡರು. ದಕ್ಷಿಣ ಭಾರತದಲ್ಲಿ ಮೊದಲು, ಆಮೇಲೆ ಮಾಲ್ಡೀವ್ಸ್, ಆಮೇಲೆ ಸೀಷೆಲ್ಸ್, ಕೊನೆಗೆ ಪೂರ್ವ ಆಫ್ರಿಕಾ. ಒಂದಾದ ಮೇಲೊಂದು ಕಡೆ ಕಾಣಿಸಿಕೊಳ್ಳುವ ಆ ತಾರೀಖುಗಳನ್ನು ಜೋಡಿಸಿ 2009ರಲ್ಲಿ ಪ್ರಕಟಿಸಿದರು: ಇವು ಮೇಲಿನ ಗಾಳಿ ಹಿಡಿದು ಹಿಂದೂ ಮಹಾಸಾಗರ ದಾಟುತ್ತಿವೆ. ಆಮೇಲೆ 2012ರಲ್ಲಿ ರೆಕ್ಕೆಯೊಳಗಿನ ಹೈಡ್ರೋಜನ್ ಪರೀಕ್ಷೆ ಮಾಡಿದರು. ಹುಳ ಬೆಳೆದ ಜಾಗದ ಮಳೆ ನೀರಿನ ಗುರುತು ರೆಕ್ಕೆಯಲ್ಲಿ ಉಳಿದಿರುತ್ತದೆ. ಮಾಲ್ಡೀವ್ಸ್‌ನಲ್ಲಿ ಸಿಕ್ಕವು ಉತ್ತರ ಭಾರತ ಮತ್ತು ಅದರಾಚೆ ಹುಟ್ಟಿದವು ಅಂತ ಆ ಗುರುತು ಹೇಳಿತು.

ಅಂದರೆ ಇವತ್ತು ಸಂಜೆ ನಿಮ್ಮ ಮೈದಾನದ ಮೇಲೆ ಇರುವವರಲ್ಲಿ ಕೆಲವರು ಸ್ಥಳೀಯರು, ಕೆಲವರು ದಾರಿಹೋಕರು ಇರಬಹುದು. ಇದರಲ್ಲಿ ನನಗೆ ಇಷ್ಟವಾಗುವ ಅಂಶ ಬೇರೆ. ಹೋದ ಹುಳ ವಾಪಸ್ ಬರೋದಿಲ್ಲ. ಅಲ್ಲಿಯ ಮಳೆಗುಂಡಿಯಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ. ಪೂರ್ತಿ ಸುತ್ತು ಮುಗಿಯುವಷ್ಟರಲ್ಲಿ ಸುಮಾರು ನಾಲ್ಕು ತಲೆಮಾರು. ದಾರಿ ತೋರಿಸೋಕೆ ಹಿರಿಯರು ಯಾರೂ ಜೊತೆಗಿರುವುದಿಲ್ಲ. ಮಳೆ ನಿಂತ ಗುಂಡಿ ಸಾಕು, ಒಂದೂವರೆ ತಿಂಗಳಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ಬಂದುಬಿಡುತ್ತದೆ. ಮೈದಾನದಲ್ಲಿ ನೀರು ನಿಂತಿದೆ ಅಂತ ಬೈಯುತ್ತೀರಲ್ಲ, ಆ ನೀರಿಗೆ ಇಷ್ಟು ಕೆಲಸ ಇದೆ. ಅಂದಹಾಗೆ ಆಂಡರ್ಸನ್ ಬಳಿ ದೊಡ್ಡ ಉಪಕರಣ ಏನೂ ಇರಲಿಲ್ಲ. ಇದ್ದದ್ದು ಪ್ರತಿ ವರ್ಷ ಮೊದಲ ಹುಳ ಕಂಡ ದಿನ ಬರೆದಿಡುವ ಅಭ್ಯಾಸ.

ಕೊನೆಗೆ ಅವರೆ. ಅವರೆಕಾಯಿ ಹೆಸರೆತ್ತಿದರೆ ಹಿಂದಿನ ಬೆಂಚಿನವರೂ ಎದ್ದು ಕೂತರು ನೋಡಿ!

ನಮ್ಮ ಹಳೇ ಸೊಗಡವರೆಯನ್ನು ರಾಗಿ ಜೊತೆ ಬಿತ್ತುತ್ತಾರೆ. ಬೆಳೆಯುತ್ತದೆ, ಹಬ್ಬುತ್ತದೆ, ಆದರೆ ತಿಂಗಳುಗಟ್ಟಲೆ ಹೂವೇ ಇಲ್ಲ. ದಸರಾ, ದೀಪಾವಳಿ ಹೊತ್ತಿಗೆ ಎಲ್ಲ ಹೊಲದಲ್ಲೂ ಹೆಚ್ಚು ಕಮ್ಮಿ ಒಟ್ಟಿಗೆ ಹೂ ಬಿಡುತ್ತದೆ. ಒಂದು ವಾರ ಮುಂಚೆ ಬಿತ್ತಿದವರದ್ದೂ ಆಗಲೇ, ತಡವಾಗಿ ಬಿತ್ತಿದವರದ್ದೂ ಆಗಲೇ. ಗಿಡಗಳಿಗೆ ಯಾರು ಹೇಳಿದರು? ರಾತ್ರಿ ಹೇಳಿತು. ಅವರೆ ರಾತ್ರಿ ಉದ್ದವಾಗುವುದನ್ನು ಅಳೆಯುತ್ತದೆ. ಯುರೋಪಿನಲ್ಲಾದರೆ ಬೇಸಿಗೆಗೂ ಚಳಿಗಾಲಕ್ಕೂ ಹಗಲಿನ ಉದ್ದದಲ್ಲಿ ಎಂಟು ಹತ್ತು ಗಂಟೆ ವ್ಯತ್ಯಾಸ. ತುಮಕೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನಮಗೆ ಗೊತ್ತೇ ಆಗದ ಆ ಬದಲಾವಣೆ ಗಿಡಕ್ಕೆ ಗೊತ್ತಾಗುತ್ತದೆ.

ಗಿಡ ಅಳೆಯೋದು ಹಗಲನ್ನೋ ರಾತ್ರಿಯನ್ನೋ ಅಂತ ಪತ್ತೆ ಹಚ್ಚಿದ ಕಥೆ ಚೆನ್ನಾಗಿದೆ. 1938ರಲ್ಲಿ ಅಮೆರಿಕದಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಕಳೆ ಗಿಡ ಹಿಡಿದುಕೊಂಡರು. ಕೆರೆ ಅಂಗಳದಲ್ಲಿ ನಡೆದರೆ ಲಂಗಕ್ಕೆ, ಪ್ಯಾಂಟಿಗೆ ಮುಳ್ಳುಕಾಯಿ ಅಂಟಿಕೊಳ್ಳುತ್ತಲ್ಲ, ಆ ಕ್ಸಾಂಥಿಯಮ್ ಗಿಡ. ಅದಕ್ಕೆ ಉದ್ದ ರಾತ್ರಿ ಕೊಟ್ಟರೆ ಹೂ ಬಿಡುತ್ತಿತ್ತು. ಅದೇ ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿದರು. ಹೂ ಬಿಡಲಿಲ್ಲ. ಹಗಲಿನ ನಡುವೆ ಕತ್ತಲೆ ಮಾಡಿ ನೋಡಿದರು, ಗಿಡ ಕ್ಯಾರೇ ಅನ್ನಲಿಲ್ಲ. ಅಂದರೆ ಅದಕ್ಕೆ ಬೇಕಿದ್ದದ್ದು ತುಂಡಾಗದ ಕತ್ತಲು.

ಈಗ ಮಾರ್ಕೆಟ್‌ನಲ್ಲಿ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ತಳಿಗಳನ್ನು ಮಾಡಿದ ಮೇಲೆ ಗಿಡ ರಾತ್ರಿ ನೋಡೋದನ್ನು ಬಿಟ್ಟಿತು. ಹೆಬ್ಬಾಳ ಅವರೆ 3, 4 ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ರೈತರಿಗೆ ಅನುಕೂಲ, ತಿನ್ನುವವರಿಗೂ ಅನುಕೂಲ. ಆದರೆ ಮಂಜು ಬೀಳುವ ಕಾಲದ ಸೊಗಡವರೆ ಬಿಡಿಸಿದ ಮೇಲೆ ಕೈಗೆ ಅಂಟುವ ಆ ವಾಸನೆ, ಸೋಪು ಹಾಕಿದರೂ ಹೋಗದ್ದು, ಅದು ಇದರಲ್ಲಿ ಬರಲ್ಲ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ವಾಸನೆ ಇರೋದು ಕಾಳಿನಲ್ಲಿ ಅಲ್ಲ, ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ. ಅದಕ್ಕೇ ಹಿತಕಿದ ಬೇಳೆ ಸಾರಿಗಿಂತ ಬಿಡಿಸಿದ ಬೆರಳೇ ಘಮ್ ಅನ್ನೋದು.

ಇನ್ನೊಂದು ಕೆಲಸ ಕೊಟ್ಟು ಮುಗಿಸುತ್ತೇನೆ, ಮಾರ್ಕ್ಸ್ ಏನೂ ಇಲ್ಲ. ನಿಮ್ಮ ಊರಿನಲ್ಲಿ ಬೀದಿ ದೀಪದ ಕಂಬಕ್ಕೆ ಹತ್ತಿರ ಇರುವ, ಸೊಗಡವರೆ ಹಾಕಿರುವ ಹೊಲವೋ ಹಿತ್ತಿಲೋ ಹುಡುಕಿ. ಈಗೀಗ ಎಲ್ಲ ಕಡೆ ಎಲ್‌ಇಡಿ ಬಂದಿದೆ, ರಾತ್ರಿಯಿಡೀ ಉರಿಯುತ್ತದೆ. ಕಂಬದ ಬುಡದ ಗಿಡದಲ್ಲಿ ಎಷ್ಟು ಹೂಗೊನೆ, ಹತ್ತು ಮಾರು ಆಚೆ ಕತ್ತಲಲ್ಲಿರುವ ಗಿಡದಲ್ಲಿ ಎಷ್ಟು, ಎರಡನ್ನೂ ಎಣಿಸಿ ತಾರೀಖಿನ ಜೊತೆ ಬರೆದಿಡಿ. ಹಬ್ಬಕ್ಕೆ ಹೋದಾಗ ಒಮ್ಮೆ, ಕಾರ್ತಿಕ ಮುಗಿದ ಮೇಲೆ ಇನ್ನೊಮ್ಮೆ. ಅಪ್ಪನೋ ಅಜ್ಜಿಯೋ 'ಅಲ್ಲೇನು ಮಾಡ್ತಿದೀಯ?' ಅಂತ ಕೇಳಿದರೆ ಅವರನ್ನೂ ಎಣಿಸೋಕೆ ಕೂರಿಸಿ, ಅವರ ಕೈ ನಿಮಗಿಂತ ಬೇಗ. ಪುಸ್ತಕ ತಂದು ನಿಮ್ಮ ಬಾಟನಿ ಲೆಕ್ಚರರ್ ಹತ್ತಿರ ಕೊಡಿ, ನಾನು ಜನವರಿಯಲ್ಲಿ ಈ ಕಡೆ ಬಂದಾಗ ನೋಡುತ್ತೇನೆ. ಬರುವಾಗ ಒಂದು ಚೀಲ ಕಾಯಿ ತಂದರೂ ಬೇಡ ಅನ್ನೋದಿಲ್ಲ.